ಹಳೆಯ ಪೇಟೆಯಲ್ಲಿ ಮನೆ ಕೊಳ್ಳುವವರು ಮತ್ತು ಅಲ್ಲಿ ಬಾಳಬಯಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಗರದ ಅತ್ಯಂತ ಹಳೆಯ ಭಾಗದಲ್ಲಿ, ಗೋಡೆಗೆ ಗೋಡೆ ತಾಗಿಕೊಂಡು ನಿಂತ ಮನೆಗಳ ಸಾಲಿನಲ್ಲಿ ಒಂದು ಮನೆ ಮಾಡಿಕೊಳ್ಳಬೇಕೆಂದು ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ನಾನು ಎಂಜಿನಿಯರ್ ಅಲ್ಲ, ವಕೀಲನೂ ಅಲ್ಲ. ಇಂಥದೊಂದು ಮನೆಯಲ್ಲಿ ಬಹುಕಾಲ ಬಾಳಿ, ಅದರ ಗೋಡೆ, ಮಾಡು, ಮೋರಿಗಳನ್ನು ಒಂದೊಂದಾಗಿ ರಿಪೇರಿ ಮಾಡಿಸುತ್ತಾ ಕಲಿತವನು. ಕಾನೂನು ದೇಶದಿಂದ ದೇಶಕ್ಕೆ, ಕೆಲವೊಮ್ಮೆ ಊರಿಂದ ಊರಿಗೇ ಬದಲಾಗುವುದರಿಂದ, ಇಲ್ಲಿ ಬರುವ ಉದಾಹರಣೆಗಳು ನಿಮ್ಮ ಊರಿನ ನಿಯಮಗಳಲ್ಲ. ನಿಮ್ಮ ಊರಿನಲ್ಲಿ ಯಾರನ್ನು ಏನು ಕೇಳಬೇಕೆಂಬುದಕ್ಕೆ ಅವು ದಾರಿ ತೋರಿಸಿದರೆ ಸಾಕು.

ಹಳೆಯ ಪೇಟೆಯ ಮನೆಗೂ ಹೊಸ ಬಡಾವಣೆಯ ಮನೆಗೂ ಇರುವ ಮುಖ್ಯ ವ್ಯತ್ಯಾಸ ಯಾವುದು?

ಹೆಚ್ಚಿನವರು ವಯಸ್ಸು ಎನ್ನುತ್ತಾರೆ. ನನ್ನ ಮಟ್ಟಿಗೆ ಮುಖ್ಯ ವ್ಯತ್ಯಾಸ ಹಂಚಿಕೆಯದು. ಸುತ್ತ ಜಾಗ ಬಿಟ್ಟು ಕಟ್ಟಿದ ಮನೆಯಲ್ಲಿ ನಾಲ್ಕು ಗೋಡೆಗಳೂ ನಿಮ್ಮವೇ. ಹಳೆಯ ಪೇಟೆಯಲ್ಲಿ ಎಡಗೋಡೆಯಲ್ಲಿ ಪಕ್ಕದವರ ತೊಲೆ ಕೂತಿರುತ್ತದೆ, ಬಲಗೋಡೆಯ ಅಡಿಪಾಯ ಇಬ್ಬರಿಗೂ ಸೇರಿರುತ್ತದೆ, ಹಿಂದಿನ ಮನೆಯ ಮಳೆನೀರು ನಿಮ್ಮ ಅಂಗಳದ ಮೋರಿಯಲ್ಲಿ ಹರಿದು ಓಣಿಗೆ ಸೇರುತ್ತದೆ, ಮತ್ತು ಆ ಓಣಿ ಯಾರದೆಂಬುದು ಕೆಲವೊಮ್ಮೆ ಯಾವ ಪತ್ರದಲ್ಲೂ ಸ್ಪಷ್ಟವಾಗಿ ಇರುವುದಿಲ್ಲ. ನೀವು ಕೊಳ್ಳುತ್ತಿರುವುದು ಒಂದು ಮನೆಯನ್ನು ಮತ್ತು ಅದರ ಜೊತೆಗೆ ಗೋಡೆ, ನೀರು, ಬೆಳಕು, ದಾರಿಗಳಲ್ಲಿ ಒಂದೊಂದು ಪಾಲನ್ನು. ಮನೆಯೊಳಗಿನ ಅಂದಚೆಂದವನ್ನು ಎಲ್ಲರೂ ನೋಡುತ್ತಾರೆ. ಈ ಪಾಲುಗಳನ್ನು ನೋಡದೆ ಕೊಂಡವರೇ ಮುಂದೆ ಹೆಚ್ಚು ಕಷ್ಟಪಟ್ಟಿದ್ದನ್ನು ಕಂಡಿದ್ದೇನೆ. ಮುಂದಿನ ಬಹುತೇಕ ಉತ್ತರಗಳು ಸುತ್ತಿ ಸುತ್ತಿ ಇದೇ ಮಾತಿಗೆ ಬರುತ್ತವೆ.

ಮನೆಯನ್ನು ಎಷ್ಟು ಸಲ, ಯಾವ ಹೊತ್ತಿನಲ್ಲಿ ಹೋಗಿ ನೋಡಬೇಕು?

ಕನಿಷ್ಠ ನಾಲ್ಕು ಸಲ. ಬೆಳಗಿನ ಜಾವ ಹೋದರೆ ಸರಕಿನ ಗಾಡಿಗಳು, ಕಸದ ಗಾಡಿ, ನೀರು ಬಿಡುವ ಹೊತ್ತಿನ ಗಡಿಬಿಡಿ ತಿಳಿಯುತ್ತದೆ; ನಡುಮಧ್ಯಾಹ್ನ ಹೋದರೆ ಯಾವ ಕೋಣೆಗೆ ಎಷ್ಟು ಬೆಳಕು ಬರುತ್ತದೆಂಬುದು ತಿಳಿಯುತ್ತದೆ; ರಾತ್ರಿ ಹತ್ತರ ಮೇಲೆ ಹೋದರೆ ಸದ್ದು ಎಲ್ಲಿಂದ ಬರುತ್ತದೆಂಬುದು ತಿಳಿಯುತ್ತದೆ. ನಾಲ್ಕನೆಯ ಭೇಟಿ ಜೋರು ಮಳೆ ಸುರಿಯುತ್ತಿರುವಾಗಲೇ ಆಗಬೇಕು, ಅದಕ್ಕಾಗಿ ವ್ಯವಹಾರವನ್ನು ಕೆಲವು ವಾರ ಮುಂದೂಡಬೇಕಾಗಿ ಬಂದರೂ ಮುಂದೂಡಿ. ಬಿಸಿಲಿನಲ್ಲಿ ಅಚ್ಚುಕಟ್ಟಾಗಿ ಕಾಣುವ ಓಣಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆಯೇ, ಸೂರಿನ ನೀರು ಯಾರ ಗೋಡೆಯ ಮೇಲೆ ಇಳಿಯುತ್ತದೆ ಎಂಬುದನ್ನು ಮಾರುವವರಾಗಲಿ ದಲ್ಲಾಳಿಯಾಗಲಿ ಹೇಳುವುದಕ್ಕಿಂತ ಆ ಮಳೆಯೇ ನಿಖರವಾಗಿ ಹೇಳುತ್ತದೆ.

ಗೋಡೆಗಳಿಗೆ ಹೊಸದಾಗಿ ಬಣ್ಣ ಹೊಡೆಸಿದ್ದಾರೆ. ಒಳಗಿನ ಸ್ಥಿತಿ ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಹಳೆಯ ಮನೆಗಳನ್ನು ಕಾಲಕ್ಕಿಂತ ಹೆಚ್ಚಾಗಿ ಕೆಡಿಸಿರುವುದು ನೀರು, ಮತ್ತು ನೀರಿಗಿಂತ ಹೆಚ್ಚಾಗಿ ಅದನ್ನು ಮುಚ್ಚಿಡಲು ಮಾಡಿದ ತಪ್ಪು ರಿಪೇರಿ.

ಸಿಮೆಂಟು ಬಳಕೆಗೆ ಬರುವ ಮೊದಲು ಗೋಡೆಗಳನ್ನು ಸುಣ್ಣದ ಗಾರೆಯಲ್ಲಿ ಅಥವಾ ಮಣ್ಣಿನಲ್ಲಿ ಕಟ್ಟುತ್ತಿದ್ದರು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ; ಅದು ಸಾಮಾನ್ಯ ಮನೆಗಳ ಗೋಡೆಗೆ ಬಂದದ್ದು ಅದಕ್ಕಿಂತ ಎಷ್ಟೋ ಕಾಲದ ಮೇಲೆ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ಅದು ಇಟ್ಟಿಗೆಗಿಂತ ಮೆತ್ತಗೇ ಇರುತ್ತದೆ ಮತ್ತು ತನ್ನ ಸೂಕ್ಷ್ಮ ರಂಧ್ರಗಳ ಮೂಲಕ ತೇವವನ್ನು ಹೊರಗೆ ಬಿಡುತ್ತದೆ. ನೆಲದಿಂದ ಮೇಲೇರಿದ ತೇವ ಹೀಗೆ ಗೋಡೆಯ ಮೈಯಿಂದಲೇ ಆರಿಹೋಗುವಂತೆ ಆ ಕಾಲದ ಮನೆಗಳು ರೂಪುಗೊಂಡಿವೆ. ಅಂಥ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿ, ಮೇಲೆ ಪ್ಲಾಸ್ಟಿಕ್ ಅಂಶದ ಬಣ್ಣ ಬಳಿದರೆ ತೇವಕ್ಕೆ ಹೊರದಾರಿಯೇ ಮುಚ್ಚಿಹೋಗುತ್ತದೆ. ಆಗ ಅದು ಇನ್ನೂ ಮೇಲಕ್ಕೆ ಏರುತ್ತದೆ, ತನ್ನೊಡನೆ ತಂದ ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟುತ್ತದೆ, ಹರಳು ಹಿಗ್ಗಿದಂತೆ ಇಟ್ಟಿಗೆಯ ಮೈ ಪುಡಿಪುಡಿಯಾಗಿ ಉದುರುತ್ತದೆ.

ಒಮ್ಮೆ ಸ್ನೇಹಿತರೊಬ್ಬರ ಜೊತೆ ಮನೆ ನೋಡಲು ಹೋಗಿದ್ದೆ. ಹಜಾರದ ಗೋಡೆ ಹಾಲಿನಂತೆ ಬೆಳ್ಳಗಿತ್ತು, ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನೆಲದಿಂದ ಒಂದು ಗೇಣು ಎತ್ತರದಲ್ಲಿ ಅಂಗೈ ಇಟ್ಟೆ, ತಣ್ಣಗಿತ್ತು. ಎದೆಯ ಎತ್ತರದಲ್ಲಿ ಇಟ್ಟೆ, ಬೆಚ್ಚಗಿತ್ತು. ಬೆರಳ ಗೆಣ್ಣಿನಿಂದ ತಟ್ಟುತ್ತಾ ಮೇಲಕ್ಕೆ ಹೋದರೆ ಸೊಂಟದವರೆಗೂ ಟೊಳ್ಳು ಸದ್ದು, ಅಲ್ಲಿಂದ ಮೇಲೆ ಗಟ್ಟಿ ಸದ್ದು. ಮೂಲೆಯಲ್ಲಿ ನಿಲ್ಲಿಸಿದ್ದ ಬೀರುವನ್ನು ಮನೆಯವರ ಅನುಮತಿ ಪಡೆದು ಒಂದಡಿ ಸರಿಸಿದಾಗ ಅದರ ಹಿಂದೆ ಬಣ್ಣ ಹಪ್ಪಳದಂತೆ ಎದ್ದಿತ್ತು, ಕೆಳಗೆ ನೆಲದ ಮೇಲೆ ಬೂದಿಯಂಥ ಬಿಳಿ ಪುಡಿ ಸಾಲಾಗಿ ಬಿದ್ದಿತ್ತು. ಸ್ನೇಹಿತರು ಆ ಮನೆಯನ್ನು ಬಿಡಲಿಲ್ಲ, ಆದರೆ ಸಿಮೆಂಟಿನ ಗಿಲಾವು ಕಿತ್ತು ಸುಣ್ಣದ ಗಾರೆ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡರು. ನೀವೂ ಹಾಗೇ ಮಾಡಿ: ಅಂಗೈ ಇಟ್ಟು ನೋಡಿ, ತಟ್ಟಿ ನೋಡಿ, ಬೀರು ಮತ್ತು ಮಂಚಗಳ ಹಿಂದೆ ನೋಡಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ತಲೆ ಹಾಕಿ ಮೂಸಿ ನೋಡಿ. ಮುಗ್ಗು ವಾಸನೆಯನ್ನು ಬಣ್ಣದಿಂದ ಮುಚ್ಚಲು ಬರುವುದಿಲ್ಲ.

ಗೋಡೆಯಲ್ಲಿ ಬಿರುಕು ಕಂಡರೆ ಮನೆ ಬಿಟ್ಟುಬಿಡಬೇಕೇ?

ಬೇಕಿಲ್ಲ. ನೂರು ವರ್ಷ ದಾಟಿದ ಯಾವ ಗೋಡೆಯೂ ಬಿರುಕಿಲ್ಲದೆ ಇರುವುದು ಅಪರೂಪ. ಬಿರುಕಿನ ಅಗಲ, ಆಕಾರ ಮತ್ತು ಚಲನೆ, ಈ ಮೂರನ್ನು ನೋಡಬೇಕು. ಒಂದು ಮಿಲಿಮೀಟರಿಗಿಂತ ಕಿರಿದಾದ ಕೂದಲೆಳೆ ಬಿರುಕುಗಳನ್ನು ಸಾಮಾನ್ಯವಾಗಿ ಬಣ್ಣ ಬಳಿಯುವಾಗಲೇ ಮುಚ್ಚಬಹುದು. ಐದು ಮಿಲಿಮೀಟರಿನವರೆಗಿನವು ಗಾರೆ ಕೆಲಸಕ್ಕೆ ಬಗ್ಗುವಂಥವು. ಅದನ್ನು ಮೀರಿದರೆ ಕಟ್ಟಡದ ಎಂಜಿನಿಯರ್ ಬಂದು ನೋಡಲೇಬೇಕು. ಕಿಟಕಿ ಬಾಗಿಲುಗಳ ಮೂಲೆಯಿಂದ ಮೆಟ್ಟಿಲಾಕಾರದಲ್ಲಿ ಏರುವ, ಮೇಲಕ್ಕೆ ಹೋದಂತೆ ಅಗಲವಾಗುವ ಬಿರುಕು ಅಡಿಪಾಯ ಒಂದು ಕಡೆ ಕುಸಿದಿರುವ ಸೂಚನೆಯಾಗಿರಬಹುದು. ಆ ಕುಸಿತ ಹಿಂದೆಂದೋ ಆಗಿ ನಿಂತಿದೆಯೇ ಅಥವಾ ಇನ್ನೂ ನಡೆಯುತ್ತಿದೆಯೇ ಎಂಬುದೇ ಮುಖ್ಯ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಾರೆ ಹಾಕಿ ಕೂರಿಸಿ, ಅದರ ಮೇಲೆ ತಾರೀಖು ಬರೆಯುವುದು ಹಳೆಯ ಮೇಸ್ತ್ರಿಗಳ ಉಪಾಯ. ಗೋಡೆ ಮಿಸುಕಿದರೆ ಗಾಜು ಒಡೆಯುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕಾದ್ದರಿಂದ ಆತುರದ ವ್ಯವಹಾರದಲ್ಲಿ ಇದು ಆಗದು. ಆಗ ಬಿರುಕಿನ ಒಳಗಂಚನ್ನು ನೋಡಿ: ಧೂಳು, ಜೇಡರ ಬಲೆ, ಹಳೆಯ ಬಣ್ಣ ಕೂತಿದ್ದರೆ ಅದು ಹಳೆಯದು, ಅಂಚು ಚೂಪಾಗಿ ಶುಭ್ರವಾಗಿದ್ದರೆ ಹೊಸದು.

ನೆಲದೊಳಗೆ ಏನಿದೆ ಎಂಬುದು ಕೊಳ್ಳುವವರಿಗೆ ಮುಖ್ಯವೇ?

ಕೆಲವು ಊರುಗಳಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಹಳೆಯ ಮನೆಗಳು ಮೆತ್ತನೆಯ ನೆಲಕ್ಕೆ ಇಳಿಸಿದ ಮರದ ಕಂಬಗಳ ಮೇಲೆ ನಿಂತಿವೆ. ಅಲ್ಲಿನ ಅರಮನೆಯೊಂದರ ಅಡಿಯಲ್ಲೇ 13,659 ಕಂಬಗಳಿವೆ ಎಂಬುದು ಪ್ರಸಿದ್ಧ ಲೆಕ್ಕ. ನೀರಿನಲ್ಲಿ ಮುಳುಗಿರುವವರೆಗೆ ಈ ಕಂಬಗಳು ಶತಮಾನಗಳ ಕಾಲ ತಡೆಯುತ್ತವೆ, ಆದರೆ ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಗುಲಿದರೆ ಬೂಷ್ಟು ಹತ್ತಿ ಕೊಳೆಯತೊಡಗುತ್ತವೆ. ಬಾಸ್ಟನ್ನಿನ ಬ್ಯಾಕ್ ಬೇ ಎಂಬ ಭಾಗವನ್ನು 19ನೆಯ ಶತಮಾನದಲ್ಲಿ ಜೌಗು ನೆಲಕ್ಕೆ ಮಣ್ಣು ತುಂಬಿ ಮಾಡಿದ್ದು, ಅಲ್ಲಿಯೂ ಇದೇ ತೊಂದರೆ. ಅಂತರ್ಜಲದ ಮಟ್ಟವನ್ನು ಅಳೆಯುತ್ತಿರಲೆಂದೇ ಅಲ್ಲಿ 1986ರಲ್ಲಿ ಒಂದು ಟ್ರಸ್ಟ್ ಸ್ಥಾಪನೆಯಾಯಿತು. ನಿಮ್ಮ ಪೇಟೆ ಕೆರೆಯಂಗಳವನ್ನೋ ಕೋಟೆಯ ಕಂದಕವನ್ನೋ ಹಳೆಯ ಕಾಲುವೆಯನ್ನೋ ಮುಚ್ಚಿ ಎದ್ದದ್ದೇ ಎಂದು ಹಳೆಯ ನಕ್ಷೆ ನೋಡಿ ತಿಳಿದುಕೊಳ್ಳಿ. ಪಕ್ಕದಲ್ಲಿ ಕೊಳವೆಬಾವಿಯೋ ನೆಲಮಾಳಿಗೆಯೋ ಆಗುತ್ತಿದೆಯೇ ಎಂಬುದನ್ನೂ ವಿಚಾರಿಸಿ.

ಮರದ ತೊಲೆ, ಜಂತಿಗಳನ್ನು ಹೇಗೆ ಪರೀಕ್ಷಿಸಬೇಕು?

ನಡುವೆ ಅಲ್ಲ, ತುದಿಯಲ್ಲಿ. ತೊಲೆಯ ನಡುಭಾಗ ಕಣ್ಣಿಗೆ ಕಾಣುತ್ತದೆ, ಗಾಳಿಯಾಡುತ್ತದೆ, ಆದ್ದರಿಂದ ಅದು ಚೆನ್ನಾಗಿಯೇ ಇರುತ್ತದೆ. ಗೋಡೆಯೊಳಗೆ ಕೂತ ತುದಿಗೆ ಗೋಡೆಯ ತೇವ ತಗುಲಿ ಒಳಗಿಂದೊಳಗೇ ಲಡ್ಡಾಗುತ್ತದೆ. ಮನೆಯವರ ಒಪ್ಪಿಗೆಯೊಂದಿಗೆ ಗೋಡೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಿ. ಗಟ್ಟಿ ಮರ ಅದನ್ನು ಹಿಂದಕ್ಕೆ ತಳ್ಳುತ್ತದೆ, ಕೊಳೆತ ಮರ ಬ್ರೆಡ್ಡಿನಂತೆ ಒಳಗೆ ಬಿಟ್ಟುಕೊಳ್ಳುತ್ತದೆ. ಗೆದ್ದಲಿನ ಮಣ್ಣುಗೆರೆ ಕಂಡರೆ ಅದು ನೆಲದಿಂದ ಯಾವ ದಾರಿಯಲ್ಲಿ ಏರಿದೆಯೆಂದು ಹಿಂಬಾಲಿಸಿ. ಪಕ್ಕದ ಮನೆಯಿಂದ ಬಂದಿದ್ದರೆ ನಿಮ್ಮ ಮನೆಯೊಂದಕ್ಕೆ ಮಾಡಿಸಿದ ಔಷಧ ಬಹುಕಾಲ ನಿಲ್ಲುವುದಿಲ್ಲ.

ಒಳಗೋಡೆ ಒಡೆದು ಕೋಣೆ ದೊಡ್ಡದು ಮಾಡಿಕೊಳ್ಳಬಹುದೇ?

ಎಂಜಿನಿಯರ್ ಬರೆದುಕೊಡದೆ ಒಂದು ಇಟ್ಟಿಗೆಯನ್ನೂ ತೆಗೆಯಬೇಡಿ. 1755ರ ಭೂಕಂಪದಲ್ಲಿ ನೆಲಸಮವಾದ ಲಿಸ್ಬನ್ನಿನ ಕೇಂದ್ರಭಾಗವನ್ನು ಮತ್ತೆ ಕಟ್ಟುವಾಗ, ಮುಂದಿನ ಭೂಕಂಪಕ್ಕೆ ತಡೆಯಲೆಂದು ಮನೆಗಳ ಒಳಗೋಡೆಗಳಲ್ಲಿ ಪಂಜರದಂಥ ಮರದ ಚೌಕಟ್ಟನ್ನು ಅಡಗಿಸಿ ಕಟ್ಟಿದರು. ಎರಡು ಶತಮಾನಗಳ ಮೇಲೆ ಅಂಗಡಿಗೆ ಜಾಗ ಬೇಕೆಂದು ಅದೇ ಗೋಡೆಗಳನ್ನು ತೆಗೆದುಹಾಕಿದ ಕಟ್ಟಡಗಳು ಈಗ ದುರ್ಬಲವಾಗಿವೆ. ಸಾಮಾನ್ಯ ಒಳಗೋಡೆಯಂತೆ ಕಾಣುವುದು ಇಡೀ ಸಾಲನ್ನು ಹಿಡಿದು ನಿಲ್ಲಿಸಿರಬಹುದು. ಕೆಳಗಿನ ಅಂತಸ್ತಿನವರು ಈಗಾಗಲೇ ಗೋಡೆ ಒಡೆಸಿದ್ದಾರೆಯೇ ಎಂಬುದನ್ನು ಮೇಲಿನ ಅಂತಸ್ತನ್ನು ಕೊಳ್ಳುವವರು ಇಳಿದು ಹೋಗಿ ನೋಡುವುದು ಒಳ್ಳೆಯದು.

ಜಂಟಿ ಗೋಡೆಯ ವಿಷಯದಲ್ಲಿ ಪಕ್ಕದ ಮನೆಯವರ ಒಪ್ಪಿಗೆ ಬೇಕೇ?

ಬಹುತೇಕ ಎಲ್ಲೆಡೆ ಯಾವುದಾದರೊಂದು ರೂಪದಲ್ಲಿ ಬೇಕು. ಈ ವಿಷಯಕ್ಕೆ ಲಂಡನ್ನಿನಲ್ಲಿ ದೀರ್ಘ ಇತಿಹಾಸವಿದೆ: 1666ರ ಮಹಾ ಅಗ್ನಿ ಅನಾಹುತದ ನಂತರ ಬಂದ ಪುನರ್ನಿರ್ಮಾಣದ ಕಾಯಿದೆ ಮನೆಗಳನ್ನು ಇಟ್ಟಿಗೆ ಕಲ್ಲುಗಳಲ್ಲೇ ಕಟ್ಟಬೇಕೆಂದು ವಿಧಿಸಿ ಮನೆಮನೆಯ ನಡುವಿನ ಗೋಡೆಯ ದಪ್ಪವನ್ನೂ ಗೊತ್ತುಪಡಿಸಿತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1996ರ ಜಂಟಿ ಗೋಡೆ ಕಾಯಿದೆ ಜಾರಿಯಲ್ಲಿದ್ದು, ಇರುವ ಜಂಟಿ ಗೋಡೆಯ ಮೇಲೆ ಕೆಲಸ ಮಾಡುವವರು ಎರಡು ತಿಂಗಳು ಮೊದಲೇ ಪಕ್ಕದವರಿಗೆ ಲಿಖಿತ ನೋಟಿಸ್ ಕೊಡಬೇಕು, ಪಕ್ಕದವರು ಹದಿನಾಲ್ಕು ದಿನಗಳಲ್ಲಿ ಒಪ್ಪದಿದ್ದರೆ ವಿವಾದವೆಂದು ಪರಿಗಣಿಸಿ ಸರ್ವೇಯರ್‌ಗಳ ಮೂಲಕ ತೀರ್ಮಾನ ಮಾಡಿಸಿಕೊಳ್ಳಬೇಕು. ನಿಮ್ಮಲ್ಲಿ ಇಷ್ಟು ಸ್ಪಷ್ಟ ಕಾಯಿದೆ ಇಲ್ಲದಿದ್ದರೂ ಅದೇ ಪದ್ಧತಿಯನ್ನು ಸ್ವಂತವಾಗಿ ಅನುಸರಿಸುವುದು ಕ್ಷೇಮ. ಕೆಲಸ ಶುರುವಾಗುವ ಮೊದಲು ಪಕ್ಕದವರ ಮನೆಯೊಳಗಿನ ಗೋಡೆಗಳ ಫೋಟೋಗಳನ್ನು ಅವರ ಸಮ್ಮುಖದಲ್ಲೇ ತೆಗೆದು, ಎರಡೂ ಕಡೆಯವರು ತಾರೀಖು ಹಾಕಿ ಸಹಿ ಮಾಡಿಟ್ಟುಕೊಂಡರೆ, ಮುಂದೆ ಕಂಡ ಬಿರುಕು ಮೊದಲೇ ಇದ್ದದ್ದೋ ನಿಮ್ಮ ಕೆಲಸದಿಂದ ಆದದ್ದೋ ಎಂಬ ಜಗಳ ಹುಟ್ಟುವುದೇ ಇಲ್ಲ.

ಪತ್ರಗಳಲ್ಲಿ ವಿಶೇಷವಾಗಿ ಏನನ್ನು ನೋಡಬೇಕು?

ಹಕ್ಕಿನ ಸರಪಳಿ, ಅಡಮಾನ, ತೆರಿಗೆ ಬಾಕಿ, ಇವನ್ನೆಲ್ಲ ಯಾವ ಮನೆಗಾದರೂ ವಕೀಲರು ನೋಡಿಯೇ ನೋಡುತ್ತಾರೆ. ಹಳೆಯ ಪೇಟೆಯಲ್ಲಿ ಅದರ ಜೊತೆಗೆ ಮೂರು ಸಂಗತಿಗಳನ್ನು ನೀವೇ ಒತ್ತಿ ಕೇಳಬೇಕು.

ಮೊದಲನೆಯದು ಪಾಲುದಾರರು. ತಲೆಮಾರುಗಳಿಂದ ಕೈಬದಲಾಗದ ಮನೆಗೆ ಎಷ್ಟೋ ವಾರಸುದಾರರಿರುತ್ತಾರೆ. ಅವರಲ್ಲಿ ಕೆಲವರು ದೂರದೇಶದಲ್ಲಿರುತ್ತಾರೆ, ಕೆಲವರಿಗೆ ತಮಗೊಂದು ಪಾಲಿದೆಯೆಂದೇ ತಿಳಿದಿರುವುದಿಲ್ಲ. ಎದುರಿಗೆ ಕೂತು ಮಾತಾಡುವ ಹಿರಿಯರು ಎಷ್ಟೇ ಸಜ್ಜನರಾಗಿದ್ದರೂ ವಂಶವೃಕ್ಷವನ್ನು ಬರೆಸಿಕೊಂಡು, ಪ್ರತಿಯೊಬ್ಬರ ಸಹಿಯಾಗಲಿ ಹಕ್ಕುಬಿಡುಗಡೆ ಪತ್ರವಾಗಲಿ ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ.

ಎರಡನೆಯದು ಒಳಗಿರುವವರು. ಹಳೆಯ ಬಾಡಿಗೆದಾರರಿಗೆ ಬಾಡಿಗೆ ನಿಯಂತ್ರಣ ಕಾಯಿದೆಯ ರಕ್ಷಣೆ ಇರುವ ಕಡೆ, ಮನೆ ಕೊಂಡ ಮಾತ್ರಕ್ಕೆ ಅವರು ಎದ್ದುಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಮುಂಬಾಗಿಲ ಪಕ್ಕದ ಚಿಕ್ಕ ಮಳಿಗೆ, ಮೆಟ್ಟಿಲಡಿಯ ಗೂಡು, ಮಾಳಿಗೆಯ ಒಂದು ಕೋಣೆ ಯಾರ ಸ್ವಾಧೀನದಲ್ಲಿದೆ, ಯಾವ ಕರಾರಿನ ಮೇಲೆ, ಎಷ್ಟು ಕಾಲದಿಂದ ಎಂದು ಅವರನ್ನೇ ಕೇಳಿ.

ಮೂರನೆಯದು ಅನುಭೋಗದ ಹಕ್ಕುಗಳು. ದಾರಿ, ಬೆಳಕು, ಗಾಳಿ, ಸೂರಿನ ನೀರು, ಬಾವಿ, ಮೋರಿ, ಇವುಗಳ ಮೇಲೆ ದೀರ್ಘಕಾಲದ ಬಳಕೆಯಿಂದಲೇ ಹಕ್ಕು ಹುಟ್ಟುತ್ತದೆ. ಇಂಗ್ಲೆಂಡಿನ 1832ರ ಕಾಯಿದೆಯಲ್ಲೂ ಭಾರತದ 1882ರ ಅನುಭೋಗ ಹಕ್ಕುಗಳ ಕಾಯಿದೆಯಲ್ಲೂ ಕಿಟಕಿಯ ಬೆಳಕಿಗೆ ಅದು ಇಪ್ಪತ್ತು ವರ್ಷ. ಇದು ಎರಡೂ ಕಡೆಗೆ ಅನ್ವಯಿಸುವ ಮಾತು: ನಿಮ್ಮ ಕಿಟಕಿಗೆ ಅಡ್ಡವಾಗಿ ಪಕ್ಕದವರು ಗೋಡೆ ಎಬ್ಬಿಸದಂತೆ ಅದು ಕಾಯಬಹುದು, ನಿಮ್ಮ ಹಿತ್ತಿಲಲ್ಲಿ ನೀವು ಕಟ್ಟಬೇಕೆಂದಿದ್ದ ಕೋಣೆಯನ್ನು ಕಟ್ಟದಂತೆ ತಡೆಯಲೂಬಹುದು. ಕ್ರಯಪತ್ರದ ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದು, ಟೇಪಿನಿಂದ ಜಾಗವನ್ನು ಅಳೆಯುತ್ತಾ ನಡೆಯಿರಿ. ಗೋಡೆ ಬಾಗಿದ ಕಡೆಯೆಲ್ಲ ಅಳತೆ ತಪ್ಪುತ್ತದೆ; ಗೇಣಿನಷ್ಟು ತಪ್ಪಿದರೆ ಸಹಜ, ಒಂದು ಕೋಣೆಯಷ್ಟು ತಪ್ಪಿದರೆ ವ್ಯವಹಾರ ನಿಲ್ಲಿಸಿ.

ಪಾರಂಪರಿಕ ಪ್ರದೇಶವೆಂದು ಘೋಷಿಸಿದ ಜಾಗದಲ್ಲಿ ನನ್ನ ಮನೆಯ ಮೇಲೆ ನನಗೆ ಎಷ್ಟು ಸ್ವಾತಂತ್ರ್ಯವಿರುತ್ತದೆ?

ಓಣಿಯಿಂದ ಕಾಣುವ ಭಾಗದ ಮೇಲೆ ಕಡಿಮೆ, ಒಳಗೆ ಸಾಮಾನ್ಯವಾಗಿ ಹೆಚ್ಚು. ಅಮೆರಿಕದಲ್ಲಿ ಚಾರ್ಲ್ಸ್‌ಟನ್ ನಗರ 1931ರಲ್ಲೇ ಇಡೀ ಪ್ರದೇಶಕ್ಕೆ ಅನ್ವಯಿಸುವ ರಕ್ಷಣಾ ನಿಯಮವನ್ನು ತಂದಿತು. ಫ್ರಾನ್ಸಿನಲ್ಲಿ 1962ರ ಮಾಲ್ರೊ ಕಾಯಿದೆ ಒಂಟಿ ಸ್ಮಾರಕಗಳನ್ನು ಮಾತ್ರವಲ್ಲದೆ ಇಡೀ ಹಳೆಯ ಪೇಟೆಗಳನ್ನು ಕಾಪಾಡುವ ದಾರಿ ತೆರೆಯಿತು, ಪ್ಯಾರಿಸಿನ ಮಾರೆ ಎಂಬ ಹಳೆಯ ಪೇಟೆ ಉಳಿದುಕೊಂಡದ್ದು ಅದರಿಂದಲೇ. ಭಾರತದಲ್ಲಿ ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಕಿಟಕಿಯ ಚೌಕಟ್ಟು, ಹೆಂಚಿನ ಬಗೆ, ಬಾಗಿಲಿನ ಬಣ್ಣ, ಎಸಿಯ ಹೊರಭಾಗ, ಸೌರಫಲಕ, ಇವೆಲ್ಲಕ್ಕೂ ಕೆಲವು ಕಡೆ ಅರ್ಜಿ ಹಾಕಬೇಕಾಗುತ್ತದೆ.

ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಮಾಡಿಸಿದ ಬದಲಾವಣೆಯನ್ನು ಸರಿಪಡಿಸುವ ಹೊಣೆ ಹಲವು ದೇಶಗಳಲ್ಲಿ ಈಗಿನ ಮಾಲೀಕರ ಮೇಲೆಯೇ ಬೀಳುತ್ತದೆ. ಆದ್ದರಿಂದ ಹೊಸದಾಗಿ ಕಾಣುವ ಪ್ರತಿಯೊಂದು ಕಿಟಕಿಗೂ ಅನುಮತಿ ಪತ್ರ ಎಲ್ಲಿದೆಯೆಂದು ಕೇಳಿ. ಈ ನಿಯಮಗಳು ಕಿರಿಕಿರಿಯೆಂದು ದೂರುವವರಿದ್ದಾರೆ. ಆದರೆ ಎದುರುಮನೆಯ ಜಾಗದಲ್ಲಿ ಆರಂತಸ್ತಿನ ಕಟ್ಟಡ ಎದ್ದು ನಿಮ್ಮ ಬೆಳಕನ್ನು ನುಂಗದಂತೆ ಕಾಯುವುದೂ ಅದೇ ನಿಯಮ ಎಂಬುದನ್ನು ನಾನು ಮರೆಯುವುದಿಲ್ಲ.

ವಿದ್ಯುತ್ತು, ನೀರು, ಬಣ್ಣಗಳಲ್ಲಿ ಆರೋಗ್ಯಕ್ಕೆ ಅಪಾಯವಿದೆಯೇ?

ಇರಬಹುದು, ಮತ್ತು ಪರೀಕ್ಷೆ ಸುಲಭ. ಹಳೆಯ ವೈರಿಂಗ್‌ಗೆ ಅರ್ಥಿಂಗ್ ಇಲ್ಲದಿರುವುದು ಸಾಮಾನ್ಯ, ಪೂರ್ತಿ ಬದಲಿಸುವ ಲೆಕ್ಕ ಹಾಕಿಕೊಳ್ಳಿ. ಸೀಸದ ನೀರಿನ ಕೊಳವೆ ಮೆತ್ತಗೆ, ಮಾಸಲು ಬೂದುಬಣ್ಣದಲ್ಲಿದ್ದು ನಾಣ್ಯದಿಂದ ಕೆರೆದರೆ ಬೆಳ್ಳಿಯಂತೆ ಹೊಳೆಯುತ್ತದೆ, ಕಂಡರೆ ತೆಗೆಸಿಬಿಡಿ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು 1978ರಲ್ಲಿ ನಿಷೇಧಿಸಿದರು, ಅದಕ್ಕೂ ಹಿಂದಿನ ಮನೆಯನ್ನು ಮಾರುವವರು ತಮಗೆ ತಿಳಿದಿರುವ ಸೀಸದ ವಿಷಯವನ್ನು ಕೊಳ್ಳುವವರಿಗೆ ತಿಳಿಸಲೇಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಕಲ್ನಾರಿನ ಶೀಟುಗಳನ್ನೂ ಒಡೆಯದೆ, ತಿಳಿದವರಿಂದಲೇ ತೆಗೆಸಬೇಕು.

ಬೆಂಕಿ ಬಿದ್ದರೆ ಏನು ಗತಿ?

ಅಗ್ನಿಶಾಮಕ ವಾಹನ ನಿಮ್ಮ ಬಾಗಿಲಿಂದ ಎಷ್ಟು ದೂರದವರೆಗೆ ಬರಬಲ್ಲದೆಂದು ಹೆಜ್ಜೆ ಹಾಕಿ ಅಳೆಯಿರಿ. 2002ರ ಡಿಸೆಂಬರ್ 7ರಂದು ಎಡಿನ್‌ಬರೊದ ಹಳೆಯ ಪೇಟೆಯ ಕೌಗೇಟ್ ಬೀದಿಯಲ್ಲಿ ಹತ್ತಿದ ಬೆಂಕಿ ಒಂದಕ್ಕೊಂದು ಕೂಡಿಕೊಂಡಿದ್ದ ಕಟ್ಟಡಗಳೊಳಗೆ ಹರಡಿ ಹಲವು ಕಟ್ಟಡಗಳನ್ನು ಆಹುತಿ ತೆಗೆದುಕೊಂಡಿತು. ಸಾಲುಮನೆಗಳಲ್ಲಿ ಬೆಂಕಿ ಹೆಚ್ಚಾಗಿ ಮಾಡಿನ ಕೆಳಗಿನ ಅಟ್ಟದ ಮೂಲಕ ಮನೆಯಿಂದ ಮನೆಗೆ ದಾಟುತ್ತದೆ, ಏಕೆಂದರೆ ಜಂಟಿ ಗೋಡೆ ಎಷ್ಟೋ ಕಡೆ ಅಟ್ಟದ ಮಟ್ಟಕ್ಕೇ ನಿಂತುಬಿಟ್ಟಿರುತ್ತದೆ. ಅಟ್ಟ ಹತ್ತಿ ಟಾರ್ಚ್ ಬಿಟ್ಟಾಗ ಪಕ್ಕದ ಮನೆಯ ಪೆಟ್ಟಿಗೆಗಳು ಕಂಡರೆ, ಆ ಗೋಡೆಯನ್ನು ಮಾಡಿನವರೆಗೆ ಎಬ್ಬಿಸುವುದೇ ನಿಮ್ಮ ಮೊದಲ ಕೆಲಸಗಳಲ್ಲೊಂದಾಗಬೇಕು. ವಿಮೆಯನ್ನು ಮಾರುಕಟ್ಟೆ ಬೆಲೆಗಲ್ಲ, ಅದೇ ಸಾಮಗ್ರಿಯಲ್ಲಿ ಮತ್ತೆ ಕಟ್ಟುವ ಖರ್ಚಿಗೆ ಮಾಡಿಸಿ. ಕುಶಲಕರ್ಮಿಗಳ ಕೆಲಸವಿರುವ ಮನೆಗೆ ಎರಡನೆಯದು ಹೆಚ್ಚಾಗಿರಬಹುದು.

ಹಳೆಯ ಕಟ್ಟಡದಲ್ಲಿ ಒಂದು ಅಂತಸ್ತನ್ನು ಮಾತ್ರ ಕೊಂಡರೆ ಮಾಡಿನ ರಿಪೇರಿ ಯಾರದು?

ಪತ್ರದಲ್ಲಿ ಬರೆದಂತೆ, ಬರೆಯದಿದ್ದರೆ ಅಲ್ಲಿನ ಕಾನೂನಿನಂತೆ. ಸ್ಕಾಟ್‌ಲೆಂಡಿನ 2004ರ ಕಾಯಿದೆ ಇಂಥ ಕಟ್ಟಡಗಳ ಮಾಡು, ಅಡಿಪಾಯ, ಹೊರಗೋಡೆಗಳ ದುರಸ್ತಿಯನ್ನು ಮಾಲೀಕರು ಬಹುಮತದಿಂದ ತೀರ್ಮಾನಿಸಬಹುದೆಂದೂ ಆ ತೀರ್ಮಾನ ಒಪ್ಪದವರಿಗೂ ಅನ್ವಯಿಸುತ್ತದೆಂದೂ ಹೇಳುತ್ತದೆ. ಅಂಥ ನಿಯಮವಿಲ್ಲದ ಕಡೆ ಮೇಲಿನವರ ಮನೆ ಸೋರುತ್ತಿದ್ದರೂ ಕೆಳಗಿನವರು ಕೈ ಬಿಚ್ಚುವುದಿಲ್ಲ. ನಿರ್ವಹಣೆಗೆಂದು ಕೂಡಿಟ್ಟ ಹಣ ಎಷ್ಟಿದೆ, ಹಿಂದಿನ ಮೂರು ವರ್ಷಗಳ ಸಭೆಗಳಲ್ಲಿ ಏನು ಚರ್ಚೆಯಾಗಿದೆ, ಯಾರ ಬಾಕಿ ಉಳಿದಿದೆ ಎಂದು ನೋಡಿ. ನಿರ್ವಹಣಾ ವೆಚ್ಚ ತೀರಾ ಕಡಿಮೆಯೆಂದು ಹೆಮ್ಮೆಯಿಂದ ಹೇಳುವ ಕಟ್ಟಡದ ಮಾಡನ್ನು ಎರಡು ಸಲ ನೋಡಿ.

ಸದ್ದು, ವಾಹನ, ಸಾಮಾನು ಸಾಗಣೆ: ದಿನನಿತ್ಯದ ಬಾಳು ಹೇಗಿರುತ್ತದೆ?

ದಪ್ಪ ಗೋಡೆ ಮಾತಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮರದ ನೆಲ ಹೆಜ್ಜೆಯ ಸದ್ದನ್ನು ಹಾಗೇ ಕೆಳಗಿಳಿಸುತ್ತದೆ. ಮೇಲಿನವರ ಮಗು ಓಡಾಡುವುದು ನಿಮಗೆ ಗೊತ್ತಾಗುತ್ತದೆ, ನಿಮ್ಮ ಮಗುವಿನದು ಕೆಳಗಿನವರಿಗೆ. ವಾಹನ ನಿಲ್ಲಿಸಲು ಜಾಗವಿಲ್ಲವೆಂದೇ ಹಿಡಿದು ಲೆಕ್ಕ ಹಾಕಿ. ದೂರದಲ್ಲಿ ನಿಲ್ಲಿಸಿ ನಡೆದು ಬರುವುದು ನಿತ್ಯದ ಮಾತಾದರೆ ಒಪ್ಪಿಗೆಯಾಗುತ್ತದೆಯೇ ಎಂದು ಮನೆಯ ಎಲ್ಲರನ್ನೂ ಕೇಳಿ. ಮೆಟ್ಟಿಲಿನ ಅಗಲವನ್ನೂ ತಿರುವಿನ ಅಳತೆಯನ್ನೂ ಬರೆದುಕೊಳ್ಳಿ. ಆಮ್‌ಸ್ಟರ್‌ಡ್ಯಾಮಿನ ಮನೆಗಳ ಮಾಡಿನ ತುದಿಯಲ್ಲಿ ಕೊಕ್ಕೆಯಿರುವ ಒಂದು ತೊಲೆ ಹೊರಚಾಚಿರುತ್ತದೆ: ಮೆಟ್ಟಿಲಲ್ಲಿ ಹಿಡಿಸದ ಮಂಚ, ಬೀರುಗಳನ್ನು ಇಂದಿಗೂ ಅದಕ್ಕೆ ಹಗ್ಗ ಹಾಕಿ ಕಿಟಕಿಯ ಮೂಲಕ ಒಳಗೆಳೆದುಕೊಳ್ಳುತ್ತಾರೆ. ಅಂಥ ತೊಲೆಯಿಲ್ಲದ ನಮ್ಮ ಮನೆಯಲ್ಲಿ ಒಂದು ಮಂಚವನ್ನು ಬಿಚ್ಚಿ, ತುಂಡು ತುಂಡಾಗಿ ಮೇಲೇರಿಸಿ, ಬಡಗಿಯನ್ನು ಕರೆಸಿ ಮತ್ತೆ ಜೋಡಿಸಬೇಕಾಯಿತು.

ಇದಕ್ಕೆ ಪ್ರತಿಯಾಗಿ ಸಿಗುವುದೂ ಸಣ್ಣದಲ್ಲ. ಬೇಕಾದದ್ದೆಲ್ಲ ಕಾಲ್ನಡಿಗೆಯ ದೂರದಲ್ಲಿರುತ್ತದೆ, ಓಣಿಯಲ್ಲಿ ಸದಾ ಯಾರಾದರೊಬ್ಬರ ಕಣ್ಣಿರುತ್ತದೆ, ಎರಡು ದಿನ ಬಾಗಿಲು ತೆರೆಯದಿದ್ದರೆ ಬಂದು ಬಡಿಯುವವರಿರುತ್ತಾರೆ. ಆ ಕಣ್ಣು ಕೆಲವರಿಗೆ ಆಸರೆ, ಕೆಲವರಿಗೆ ಹಿಂಸೆ. ನೀವು ಯಾವ ಬಗೆಯವರೆಂದು ನೀವೇ ಅರಿಯಬೇಕು.

ವಯಸ್ಸಾದ ತಂದೆತಾಯಿ ಜೊತೆಗಿದ್ದರೆ?

ನೆಲದಂತಸ್ತಿನಲ್ಲಿ ಮಲಗುವ ಕೋಣೆ ಮತ್ತು ಬಚ್ಚಲು ಇರಲೇಬೇಕು. ಕಡಿದಾದ ಮೆಟ್ಟಿಲನ್ನು ಹಳೆಯ ಮನೆಯಲ್ಲಿ ಸುಲಭವಾಗಿ ಬದಲಿಸಲಾಗದು. ಸ್ಟ್ರೆಚರ್ ಒಳಗೆ ಬಂದು ತಿರುಗುತ್ತದೆಯೇ ಎಂದೂ ನೋಡಿ.

ಪ್ರವಾಸಿಗರು ಹೆಚ್ಚುತ್ತಿರುವ ಪೇಟೆಯಲ್ಲಿ ಕೊಳ್ಳಬಹುದೇ?

ಬಾಳಲು ಕೊಳ್ಳುವವರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವೆನಿಸ್ಸಿನ ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1,75,000 ನಿವಾಸಿಗಳಿದ್ದರು. 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ಬಾರ್ಸಿಲೋನಾ ನಗರಾಡಳಿತ ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡುವ ಹತ್ತು ಸಾವಿರಕ್ಕೂ ಹೆಚ್ಚು ಪರವಾನಗಿಗಳನ್ನು 2028ರ ನವೆಂಬರಿನ ನಂತರ ನವೀಕರಿಸುವುದಿಲ್ಲವೆಂದು 2024ರಲ್ಲಿ ಪ್ರಕಟಿಸಿತು. ಹಗಲು ಹೊತ್ತು ನಿಮ್ಮ ಓಣಿಯಲ್ಲಿ ನಿಂತು ಎಷ್ಟು ಬಾಗಿಲುಗಳಿಗೆ ಅಂಕಿ ಒತ್ತಿ ತೆರೆಯುವ ಬೀಗಪೆಟ್ಟಿಗೆ ನೇತುಹಾಕಿದೆ, ಎಷ್ಟು ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿದೆ ಎಂದು ಎಣಿಸಿ. ಬಟ್ಟೆ ಒಣಗುವ ಓಣಿಯಲ್ಲಿ ಮನೆಗಳಿವೆ. ಪ್ರವಾಸಿಗರಿಗೆ ಕೀಲಿ ಇಡುವ ಆ ಬೀಗಪೆಟ್ಟಿಗೆಗಳೇ ಹೆಚ್ಚಾಗಿದ್ದರೆ ಸೋರುವ ಮಾಡಿನ ಬಗ್ಗೆ ಮಾತಾಡಲು ಪಕ್ಕದಲ್ಲಿ ಯಾರೂ ಸಿಗಲಿಕ್ಕಿಲ್ಲ. ಬಾಡಿಗೆಯ ಆದಾಯವನ್ನೇ ನಂಬಿ ಸಾಲ ಮಾಡಿ ಕೊಳ್ಳುವವರು ಪರವಾನಗಿಯ ನಿಯಮ ನಾಳೆ ಬದಲಾದರೆ ಕಂತು ಕಟ್ಟಬಲ್ಲೆವೇ ಎಂದು ಮೊದಲೇ ಲೆಕ್ಕ ಹಾಕಬೇಕು.

ಬ್ಯಾಂಕ್ ಸಾಲ ಸಿಗುತ್ತದೆಯೇ?

ಸಿಗುತ್ತದೆ, ನಿಧಾನವಾಗಿ. ಕಟ್ಟಡದ ಉಳಿದ ಆಯುಷ್ಯ ಮತ್ತು ಪತ್ರಗಳ ಸ್ಪಷ್ಟತೆಯನ್ನು ಬ್ಯಾಂಕುಗಳು ಹೆಚ್ಚು ಬಿಗಿಯಾಗಿ ನೋಡುತ್ತವೆ. ಮುಂಗಡ ಕೊಡುವ ಮೊದಲೇ ವಿಚಾರಿಸಿ, ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ಸೆಂದು ಕರಾರಿನಲ್ಲಿ ಬರೆಸಿ. ರಿಪೇರಿಯ ಹಣವನ್ನು ಕೊಳ್ಳುವ ಹಣದಿಂದ ಬೇರೆಯಾಗಿ ತೆಗೆದಿಡಿ.

ಕೊಂಡ ಮೇಲೆ ಯಾವ ಕೆಲಸ ಮೊದಲು?

ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ. ಮೊದಲು ಮಾಡು, ನಂತರ ಮಳೆನೀರಿನ ಕೊಳವೆ ಮತ್ತು ಮೋರಿ, ನಂತರ ಹೊರಗೋಡೆಯ ಸಂದುಗಳಿಗೆ ಸುಣ್ಣದ ಗಾರೆ, ಆಮೇಲೆ ವೈರಿಂಗ್, ಕೊಳವೆ. ಗಿಲಾವು, ಬಣ್ಣ ಎಲ್ಲಕ್ಕಿಂತ ಕೊನೆಗೆ. ನೀರಿನ ದಾರಿ ಸರಿಯಾದ ಮೇಲೆಯೂ ದಪ್ಪ ಗೋಡೆ ಆರಲು ಒಂದು ವರ್ಷವನ್ನೇ ತೆಗೆದುಕೊಳ್ಳಬಹುದು, ಆದ್ದರಿಂದ ಬಣ್ಣಕ್ಕೆ ಅವಸರ ಮಾಡಬೇಡಿ. ಸಾಧ್ಯವಾದರೆ ನಾಲ್ಕೂ ಋತುಗಳನ್ನು ಆ ಮನೆಯಲ್ಲಿ ಕಳೆದು, ಗಾಳಿ ಯಾವ ಕಡೆಯಿಂದ ಬರುತ್ತದೆ, ಎರಚಲು ಯಾವ ಕಿಟಕಿಗೆ ಹೊಡೆಯುತ್ತದೆ ಎಂದು ತಿಳಿದ ಮೇಲೆ ದೊಡ್ಡ ಬದಲಾವಣೆಗೆ ಕೈಹಾಕಿ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಲು ಜಾಹೀರಾತು ನೋಡುವುದಕ್ಕಿಂತ, ಅದೇ ಸಾಲಿನಲ್ಲಿ ಮಳೆಗಾಲ ಕಳೆದರೂ ಗೋಡೆ ಒಣಗಿರುವ ಮನೆಯ ಬಾಗಿಲು ತಟ್ಟಿ, ಇದನ್ನು ಯಾರು ಮಾಡಿದರು ಎಂದು ಕೇಳಿ.